ಬೊರೊಡಿನ್ ಒಬ್ಬರೇ, ಎಮಿಲ್ ಫಿಷರ್ ಇಬ್ಬರು

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ಮಕ್ಕಳ ಕೈಯಲ್ಲಿ ಒಂದು ದೊಡ್ಡ ಚಾರ್ಟ್ ಮಾಡಿಸುತ್ತಿದ್ದೇನೆ. ವಿಷಯ, ಸಂಗೀತದಲ್ಲೂ ರಸಾಯನಶಾಸ್ತ್ರದಲ್ಲೂ ಒಂದೇ ಹೆಸರಿರುವವರು. ಮಕ್ಕಳು ಇಂಟರ್ನೆಟ್ಟಿನಲ್ಲಿ ಹುಡುಕಿ ತಂದಿದ್ದನ್ನೇ ಹಾಕಿದ್ದೇವೆ. ಅಲೆಕ್ಸಾಂಡರ್ ಬೊರೊಡಿನ್ ಹೆಸರಿನ ಇಬ್ಬರಿಗೆ ಎರಡು ಬಾಕ್ಸ್. ಎಮಿಲ್ ಫಿಷರ್ ನೊಬೆಲ್ ಪಡೆದ ವಿಜ್ಞಾನಿ, ನ್ಯೂಯಾರ್ಕಿನಲ್ಲಿ ಒಪೆರಾ ಎಂಬ ಸಂಗೀತ ನಾಟಕದಲ್ಲೂ ಹಾಡಿದವರು ಎಂದು ಅವರಿಗೆ ಒಂದೇ ಬಾಕ್ಸ್. ಈಗ ನನ್ನ ಸಹೋದ್ಯೋಗಿ ಎರಡೂ ಉಲ್ಟಾ ಆಗಿದೆ ಅನ್ನುತ್ತಿದ್ದಾರೆ. ಇನ್ನೊಬ್ಬರು ಆಬೆಲ್ ಹೆಸರನ್ನೂ ಸೇರಿಸಿ ಅಂದರು. ಹೆಡ್ಮಾಸ್ಟರಿಗೆ ನಮ್ಮ ದೇಶದ ಒಂದು ಜೋಡಿ ಬೇಕು, ಶಾರ್ಙ್ಗದೇವ ಮತ್ತು ಶಾರ್ಙ್ಗಧರ ಒಬ್ಬರೇ ಎಂಬ ನಂಬಿಕೆ ಅವರದು. ಮಕ್ಕಳಿಗೆ ತಪ್ಪು ಕಲಿಸಿಬಿಡುತ್ತೇನೇನೋ ಎಂಬ ಭಯ ನನಗೆ. ಈ ವಿಷಯವನ್ನೇ ಕೈಬಿಡಲಾ?

ಉತ್ತರ: ಕೈಬಿಡಬೇಡಿ. ವಿಷಯ ಚೆನ್ನಾಗಿದೆ, ಮಕ್ಕಳು ಖುಷಿಯಿಂದ ಮಾಡುವಂಥದ್ದು. ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ. ಬೊರೊಡಿನ್ ಇಬ್ಬರಲ್ಲ, ಒಬ್ಬರೇ. ಎಮಿಲ್ ಫಿಷರ್ ಒಬ್ಬರಲ್ಲ, ಇಬ್ಬರು. ಎರಡು ಬಾಕ್ಸನ್ನು ಅದಲು ಬದಲು ಮಾಡಿದರೆ ಚಾರ್ಟಿನ ಮುಖ್ಯ ತಪ್ಪು ಸರಿಹೋಗುತ್ತದೆ. ಆದರೆ ನಿಮ್ಮ ಭಯ ಇರುವುದು ಈ ಎರಡು ಹೆಸರಿನ ಬಗ್ಗೆ ಮಾತ್ರ ಅಲ್ಲ. ಯಾರು ಒಬ್ಬರು, ಯಾರು ಇಬ್ಬರು ಎಂದು ತಿಳಿಯುವುದು ಹೇಗೆ ಎಂಬುದು ನಿಜವಾದ ಪ್ರಶ್ನೆ, ಅಲ್ವಾ? ಸಾವಯವ ರಸಾಯನಶಾಸ್ತ್ರ ಪಾಠ ಮಾಡುತ್ತಾ, ಅದರ ಇತಿಹಾಸವನ್ನು ಓದುತ್ತಾ ಬಂದವನಾಗಿ ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಬೊರೊಡಿನ್. ಮಕ್ಕಳು ಇವರನ್ನು ಇಬ್ಬರು ಅಂದುಕೊಂಡಿದ್ದರಲ್ಲಿ ಆಶ್ಚರ್ಯ ಇಲ್ಲ. ಸಂಗೀತದ ಪುಸ್ತಕಗಳಲ್ಲಿ ಅವರು ಬಾಲಕಿರೆವ್, ಮುಸೋರ್ಗ್‌ಸ್ಕಿ, ರಿಮ್‌ಸ್ಕಿ-ಕೊರ್ಸಕೊವ್, ಕುಯಿ ಇವರ ಜೊತೆಗಿನ ಐವರು ರಷ್ಯನ್ ಸಂಗೀತ ರಚನೆಕಾರರಲ್ಲಿ ಒಬ್ಬರು. 'ಪ್ರಿನ್ಸ್ ಇಗೊರ್' ಒಪೆರಾ ಬರೆದವರು. ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ಅವರು ಬೆಳ್ಳಿ ಲವಣ ಮತ್ತು ಬ್ರೋಮಿನ್ ಕ್ರಿಯೆಯ ಹತ್ತಿರ, ಎರಡು ಆಲ್ಡಿಹೈಡ್ ಅಣು ಸೇರಿ ಒಂದಾಗುವ ಆಲ್ಡಾಲ್ ಕ್ರಿಯೆಯ ಹತ್ತಿರ ಬರುತ್ತಾರೆ. ಸಂಗೀತದವರು ಪ್ರಯೋಗಾಲಯದ ಬಗ್ಗೆ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ನಮ್ಮವರು ಸಂಗೀತದ ಬಗ್ಗೆ ಅಷ್ಟೂ ಬರೆಯುವುದಿಲ್ಲ. ಎರಡೂ ಕಡೆ ಓದುವವರು ಕಡಿಮೆ. ಹೀಗಾಗಿ ಒಬ್ಬ ಮನುಷ್ಯ ಎರಡು ಕಪಾಟಿನಲ್ಲಿ ಎರಡು ಜೀವನ ನಡೆಸುತ್ತಿದ್ದಾರೆ.

ತಾರೀಖುಗಳೂ ಗೊಂದಲ ಹೆಚ್ಚಿಸುತ್ತವೆ. ಒಂದು ಕಡೆ ಅವರು ಹುಟ್ಟಿದ್ದು 1833ರ ಅಕ್ಟೋಬರ್ 31 ಎಂದಿರುತ್ತದೆ, ಇನ್ನೊಂದು ಕಡೆ ನವೆಂಬರ್ 12. ತೀರಿಕೊಂಡಿದ್ದು ಒಂದು ಕಡೆ 1887ರ ಫೆಬ್ರವರಿ 15, ಇನ್ನೊಂದು ಕಡೆ ಫೆಬ್ರವರಿ 27. ಇದನ್ನು ನೋಡಿದ ಮಗು ಇವರು ಬೇರೆ ಬೇರೆಯವರು ಅಂದುಕೊಳ್ಳುವುದು ಸಹಜ. ಆ ಕಾಲದ ರಷ್ಯಾ ಹಳೆಯ ಜೂಲಿಯನ್ ಪಂಚಾಂಗ ಬಳಸುತ್ತಿತ್ತು. 19ನೇ ಶತಮಾನದಲ್ಲಿ ಅದು ನಾವು ಬಳಸುವ ಪಂಚಾಂಗಕ್ಕಿಂತ 12 ದಿನ ಹಿಂದಿತ್ತು. ಎರಡೂ ತಾರೀಖು ಸರಿಯೇ, ಎರಡೂ ಒಂದೇ ದಿನ. ಆ ಶತಮಾನದ ರಷ್ಯಾದ ಯಾರದೇ ಬಗ್ಗೆ ಬರೆಯುವಾಗ ಈ 12 ದಿನವನ್ನು ನೆನಪಿಟ್ಟುಕೊಳ್ಳಿ.

ಇನ್ನು ಆ ಹೆಸರಿನ ಕತೆ. ನಿಮ್ಮ ಚಾರ್ಟ್ ಹೆಸರುಗಳ ಬಗ್ಗೆಯೇ ಇರುವುದರಿಂದ ಇದನ್ನು ಮಕ್ಕಳಿಗೆ ಖಂಡಿತ ಹೇಳಿ. ಬೊರೊಡಿನ್ ಎಂಬುದು ಅವರ ತಂದೆಯ ಹೆಸರೇ ಅಲ್ಲ. ತಂದೆ ಲುಕಾ ಗೆಡಿಯಾನೊವ್, ಜಾರ್ಜಿಯಾ ಮೂಲದ ಒಬ್ಬ ರಾಜಮನೆತನದವರು, ಆಗಲೇ ವಯಸ್ಸಾದವರು. ತಾಯಿ ಅವ್ದೋತ್ಯಾ ಆಂತೊನೊವಾ, ಇಪ್ಪತ್ತರ ಹರೆಯದವರು. ಅವರಿಬ್ಬರಿಗೆ ಮದುವೆ ಆಗಿರಲಿಲ್ಲ. ಹಾಗಾಗಿ ಮಗುವನ್ನು ಆ ಮನೆಯ ಜೀತದಾಳು ಪೊರ್ಫಿರಿ ಬೊರೊಡಿನ್ ಎಂಬವರ ಮಗ ಎಂದು ದಾಖಲೆಯಲ್ಲಿ ಬರೆಸಿದರು. ಕಾನೂನಿನ ಪ್ರಕಾರ ಆ ಹುಡುಗ ಸ್ವಂತ ತಂದೆಗೇ ಜೀತದಾಳು. ತಂದೆ ಸಾಯುವ ಮೊದಲು ಅವನನ್ನು ಬಿಡುಗಡೆ ಮಾಡಿದರು. ಇವತ್ತು ಜಗತ್ತು ಗೌರವದಿಂದ ಹೇಳುವ ಆ ಹೆಸರು ಒಬ್ಬ ಜೀತದಾಳಿನದು. ಇದನ್ನು ಓದಿದಾಗೆಲ್ಲ ನನಗೆ ಆ ಪೊರ್ಫಿರಿ ಬಗ್ಗೆ ಯೋಚನೆ ಬರುತ್ತದೆ.

ಹುಡುಗ 1850ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವೈದ್ಯಕೀಯ ಮತ್ತು ಶಸ್ತ್ರಚಿಕಿತ್ಸಾ ಅಕಾಡೆಮಿ ಸೇರಿದ. ಅಲ್ಲಿ ಗುರುವಾಗಿ ಸಿಕ್ಕವರು ನಿಕೊಲಾಯ್ ಜಿನಿನ್, 1842ರಲ್ಲಿ ನೈಟ್ರೋಬೆಂಜೀನ್‌ನಿಂದ ಅನಿಲೀನ್ ತಯಾರಿಸಿ ತೋರಿಸಿದವರು. ಬೊರೊಡಿನ್ 1858ರಲ್ಲಿ ವೈದ್ಯಕೀಯದಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ಹೆಚ್ಚಿನ ಕಲಿಕೆಗೆ ಜರ್ಮನಿಯ ಹೈಡಲ್‌ಬರ್ಗಿಗೆ ಹೋದರು. ಅಲ್ಲಿ ಅವರ ಗೆಳೆಯ ಯಾರು ಗೊತ್ತಾ? ನಿಮ್ಮ ಮಕ್ಕಳಿಗೆ ಆವರ್ತಕ ಕೋಷ್ಟಕದಿಂದ ಪರಿಚಯ ಇರುವ ಮೆಂಡಲೀವ್. ಪರಮಾಣು ತೂಕಗಳ ಗೊಂದಲ ಬಗೆಹರಿಸಲು 1860ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ನಡೆದ ದೊಡ್ಡ ಸಭೆಗೆ ಇಬ್ಬರೂ ಹೋಗಿದ್ದರು.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ತೆಗೆಯಬೇಕು. ಬೊರೊಡಿನ್ ಸಂಗೀತಗಾರ, ಬಿಡುವಿದ್ದಾಗ ಸ್ವಲ್ಪ ಕೆಮಿಸ್ಟ್ರಿ ಮಾಡುತ್ತಿದ್ದರು ಎಂದು ಎಷ್ಟೋ ಕಡೆ ಬರೆದಿರುತ್ತದೆ. ವಿಷಯ ಇದಕ್ಕೆ ಪೂರ್ತಿ ವಿರುದ್ಧ. ಅವರ ಕೆಲಸ, ಸಂಬಳ, ಮನೆ ಎಲ್ಲವೂ ರಸಾಯನಶಾಸ್ತ್ರದ್ದು. 1864ರಿಂದ ಅವರು ಅದೇ ಅಕಾಡೆಮಿಯಲ್ಲಿ ಪ್ರೊಫೆಸರ್. ವಾಸ ಅಕಾಡೆಮಿಯ ಕಟ್ಟಡದಲ್ಲೇ, ಪ್ರಯೋಗಾಲಯದ ಹತ್ತಿರ. ಸಂಗೀತಕ್ಕೆ ಸಿಗುತ್ತಿದ್ದದ್ದು ರಜೆ, ಭಾನುವಾರ, ಇಲ್ಲವೇ ಕಾಯಿಲೆ ಬಿದ್ದ ದಿನ. ನೆಗಡಿ ಬಂದು ಮನೆಯಲ್ಲಿ ಇದ್ದಾಗ ಮಾತ್ರ ಸಂಗೀತ ಬರೆಯಲು ಆಗುತ್ತದೆ, ಅದಕ್ಕೇ ಸಂಗೀತದ ಗೆಳೆಯರು ನನಗೆ ಆರೋಗ್ಯ ಹಾರೈಸುವುದಿಲ್ಲ, ಕಾಯಿಲೆ ಹಾರೈಸುತ್ತಾರೆ ಎಂಬ ಅರ್ಥದಲ್ಲಿ ಅವರೇ ಒಂದು ಪತ್ರದಲ್ಲಿ ಬರೆದಿದ್ದಾರೆ. ರಿಮ್‌ಸ್ಕಿ-ಕೊರ್ಸಕೊವ್ ತಮ್ಮ ಆತ್ಮಕಥೆಯಲ್ಲಿ ಈ ಮನೆಯ ಚಿತ್ರ ಕೊಟ್ಟಿದ್ದಾರೆ. ಸಂಗೀತದ ಮಾತಿನ ನಡುವೆ ಬೊರೊಡಿನ್ ದಡಕ್ಕನೆ ಎದ್ದು, ಒಲೆಯ ಮೇಲಿಟ್ಟಿದ್ದು ಉಕ್ಕಿತೋ ಸೀದಿತೋ ನೋಡಲು ಪ್ರಯೋಗಾಲಯಕ್ಕೆ ಓಡುತ್ತಿದ್ದರಂತೆ. ಓಡುವಾಗಲೂ ದಾರಿಯುದ್ದಕ್ಕೂ ಸ್ವರಗಳನ್ನು ಹಾಡುತ್ತಲೇ ಇರುತ್ತಿದ್ದರಂತೆ. ಇಬ್ಬರೂ ಒಬ್ಬರೇ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಅವರ ರಸಾಯನಶಾಸ್ತ್ರ ಸಣ್ಣದೇನಲ್ಲ. 1861ರಲ್ಲಿ ಅವರು ಸಾವಯವ ಆಮ್ಲಗಳ ಬೆಳ್ಳಿ ಲವಣಕ್ಕೆ ಬ್ರೋಮಿನ್ ಸೇರಿಸಿ ನೋಡಿದರು. ಈ ಕ್ರಿಯೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಬೆಳ್ಳಿ ಬ್ರೋಮೈಡ್ ಕೆಳಗೆ ಕೂರುತ್ತದೆ, ಮೂಲ ಆಮ್ಲಕ್ಕಿಂತ ಒಂದು ಇಂಗಾಲ ಕಡಿಮೆ ಇರುವ ಬ್ರೋಮೈಡ್ ಸಿಗುತ್ತದೆ. ಸುಮಾರು 80 ವರ್ಷದ ನಂತರ ಹುನ್ಸ್‌ಡೀಕರ್ ದಂಪತಿ ಇದನ್ನು ಎಲ್ಲರೂ ಬಳಸಬಹುದಾದ ವಿಧಾನವಾಗಿ ಬೆಳೆಸಿದರು. ಅದಕ್ಕೇ ನಮ್ಮ ಡಿಗ್ರಿ ಪುಸ್ತಕಗಳಲ್ಲಿ ಅದು ಹುನ್ಸ್‌ಡೀಕರ್ ಕ್ರಿಯೆ. ಕೆಲವು ಪುಸ್ತಕಗಳು ಮಾತ್ರ ಬೊರೊಡಿನ್ ಹೆಸರನ್ನೂ ಸೇರಿಸುತ್ತವೆ. ಸೇರಿಸುವುದೇ ನ್ಯಾಯ ಎಂಬುದು ನನ್ನ ಅಭಿಪ್ರಾಯ. ಇಟಲಿಯ ಪೀಸಾದಲ್ಲಿದ್ದಾಗ ಅವರು ಬೆಂಜೋಯಿಲ್ ಫ್ಲೋರೈಡ್ ತಯಾರಿಸಿದರು. ಗಾಜನ್ನೇ ತಿನ್ನುವ ಫ್ಲೋರೈಡ್‌ಗಳ ಜೊತೆ ಕೆಲಸ ಮಾಡಲು ಆಗ ಬಹಳ ಜನಕ್ಕೆ ಧೈರ್ಯ ಇರಲಿಲ್ಲ. ಅಂದ ಹಾಗೆ, ಪೀಸಾಕ್ಕೆ ಅವರು ಹೋಗಿದ್ದು ಕೆಮಿಸ್ಟ್ರಿಗಾಗಿ ಅಲ್ಲ. ಹೈಡಲ್‌ಬರ್ಗಿನಲ್ಲಿ ಪರಿಚಯವಾಗಿ ಆಮೇಲೆ ಮದುವೆಯಾದ ಪಿಯಾನೋ ವಾದಕಿ ಎಕತೆರಿನಾ ಅವರ ಶ್ವಾಸಕೋಶದ ತೊಂದರೆಗೆ ಬೆಚ್ಚಗಿನ ಊರು ಬೇಕಿತ್ತು.

ಆಲ್ಡಾಲ್ ವಿಷಯದಲ್ಲಿ ಎಚ್ಚರ ಇರಲಿ. ಆಲ್ಡಾಲ್ ಕಂಡುಹಿಡಿದವರು ಬೊರೊಡಿನ್ ಎಂದು ಮಾತ್ರ ಬರೆದರೆ ಅರ್ಧ ಸತ್ಯ ಆಗುತ್ತದೆ. 1872ರ ಹೊತ್ತಿಗೆ ರಷ್ಯಾದಲ್ಲಿ ಬೊರೊಡಿನ್, ಫ್ರಾನ್ಸಿನಲ್ಲಿ ಶಾರ್ಲ್ ವುರ್ಟ್ಜ್ ಬೇರೆ ಬೇರೆಯಾಗಿ ಅದೇ ಕ್ರಿಯೆಯನ್ನು ಮುಟ್ಟಿದರು. ಆಲ್ಡಾಲ್ ಎಂಬ ಹೆಸರು ಕೊಟ್ಟವರು ವುರ್ಟ್ಜ್. ಇಬ್ಬರ ಹೆಸರನ್ನೂ ಬರೆಯಿರಿ. ಹಾಗೆಯೇ ಚಾರ್ಟಿನಲ್ಲಿ ಜಾಗ ಇದ್ದರೆ ಇನ್ನೊಂದು ಸಾಲು ಸೇರಿಸಿ. 1872ರಲ್ಲಿ ಶುರುವಾದ ಮಹಿಳೆಯರ ವೈದ್ಯಕೀಯ ತರಗತಿಗಳಿಗೆ ಬೊರೊಡಿನ್ ಬೆಂಬಲವಾಗಿ ನಿಂತರು, ಅಲ್ಲಿ ಪಾಠವನ್ನೂ ಮಾಡಿದರು. ನಿಮ್ಮ ತರಗತಿಯ ಹೆಣ್ಣುಮಕ್ಕಳಿಗೆ ಇದು ಗೊತ್ತಾಗಬೇಕು.

ಈಗ ಎಮಿಲ್ ಫಿಷರ್. ಇಲ್ಲಿ ಆಗಿರುವುದು ಬೊರೊಡಿನ್ ಕತೆಯ ಪಾಠವನ್ನು ಎಲ್ಲ ಕಡೆಗೂ ಹಚ್ಚಿದ ತಪ್ಪು. ಒಬ್ಬ ವಿಜ್ಞಾನಿ ಸಂಗೀತಗಾರರೂ ಆಗಬಹುದು ಎಂದು ಒಮ್ಮೆ ಗೊತ್ತಾದರೆ, ಒಂದೇ ಹೆಸರು ಕಂಡಲ್ಲೆಲ್ಲ ಒಬ್ಬರೇ ಇರಬೇಕು ಅನಿಸುತ್ತದೆ. ನಮ್ಮ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಪರಮಾಣು ವಿಜ್ಞಾನಿಯೂ ಹೌದು, ಪಿಯಾನೋ ವಾದಕರೂ ಹೌದು. ಅಂಥವರನ್ನು ಕಂಡ ನಮಗೆ ಇದು ಸುಲಭವಾಗಿ ನಂಬಿಕೆ ಬರುತ್ತದೆ. ಆದರೆ ಇದು ಪ್ರತಿ ಹೆಸರಿಗೂ ಬೇರೆಯಾಗಿ ಸಾಬೀತಾಗಬೇಕಾದ ಮಾತು.

ರಸಾಯನಶಾಸ್ತ್ರಜ್ಞರ ಪೂರ್ತಿ ಹೆಸರು ಹರ್ಮನ್ ಎಮಿಲ್ ಲೂಯಿ ಫಿಷರ್. ಹುಟ್ಟಿದ್ದು 1852ರಲ್ಲಿ, ಜರ್ಮನಿಯ ಓಯ್ಸ್‌ಕಿರ್ಶೆನ್ ಊರಿನಲ್ಲಿ. ತೀರಿಕೊಂಡಿದ್ದು 1919ರಲ್ಲಿ, ಬರ್ಲಿನ್‌ನಲ್ಲಿ. ಸಕ್ಕರೆಗಳ ಮತ್ತು ಪ್ಯೂರಿನ್‌ಗಳ ಕೆಲಸಕ್ಕೆ 1902ರ ನೊಬೆಲ್ ಪ್ರಶಸ್ತಿ ಪಡೆದರು. ಗಾಯಕರು ಎಮಿಲ್ ಫ್ರೀಡ್ರಿಕ್ ಆಗಸ್ಟ್ ಫಿಷರ್. ಹುಟ್ಟಿದ್ದು 1838ರಲ್ಲಿ ಬ್ರೌನ್‌ಶ್ವೈಗ್‌ನಲ್ಲಿ, ತೀರಿಕೊಂಡಿದ್ದು 1914ರಲ್ಲಿ ಹ್ಯಾಂಬರ್ಗಿನಲ್ಲಿ. ಅವರ ತಂದೆ ತಾಯಿ ಇಬ್ಬರೂ ಒಪೆರಾ ಗಾಯಕರು. ಅವರದು ಮಂದ್ರದ ಬಾಸ್ ಕಂಠ. 1886ರ ಜನವರಿಯಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ವಾಗ್ನರ್ ಅವರ 'ಮೈಸ್ಟರ್‌ಸಿಂಗರ್' ಅಮೆರಿಕದಲ್ಲಿ ಮೊದಲ ಸಲ ಪ್ರದರ್ಶನವಾದಾಗ ಹಾನ್ಸ್ ಸಾಕ್ಸ್ ಪಾತ್ರವನ್ನು ಹಾಡಿದವರು ಇವರೇ. ಆ ತಿಂಗಳು ರಸಾಯನಶಾಸ್ತ್ರಜ್ಞ ಫಿಷರ್ ಎಲ್ಲಿದ್ದರು? ಹಿಂದಿನ ವರ್ಷವಷ್ಟೇ ವ್ಯುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರೊಫೆಸರ್ ಹುದ್ದೆಗೆ ಬಂದು, ಸಕ್ಕರೆಗಳ ರಚನೆ ಬಿಡಿಸುವ ಕೆಲಸದಲ್ಲಿದ್ದರು.

ಮಕ್ಕಳಿಗೆ ಈ ಲೆಕ್ಕವನ್ನೇ ಮಾಡಿಸಿ. ಒಂದು ವರ್ಷವನ್ನು ಹಿಡಿಯುವುದು, ಆ ವರ್ಷ ಇಬ್ಬರೂ ಯಾವ ಊರಿನಲ್ಲಿ, ಯಾರ ಸಂಬಳದಲ್ಲಿ ಇದ್ದರು ಎಂದು ನೋಡುವುದು. ಹೆಸರು ಎಷ್ಟು ಹೊಂದಿದರೂ ಊರು ಮತ್ತು ಉದ್ಯೋಗ ಹೊಂದದಿದ್ದರೆ ಅವರು ಬೇರೆಯವರು. ಬೊರೊಡಿನ್ ವಿಷಯದಲ್ಲಿ ಪ್ರತಿ ವರ್ಷವೂ ಎರಡೂ ಹೊಂದುತ್ತದೆ. ಫಿಷರ್ ವಿಷಯದಲ್ಲಿ ಮೊದಲ ಪ್ರಯತ್ನಕ್ಕೇ ಬೇರೆಯಾಗುತ್ತದೆ.

ಫಿಷರ್ ಹೆಸರು ಇಷ್ಟು ಜಾಸ್ತಿ ಯಾಕೆ ಸಿಗುತ್ತದೆ ಎಂದರೆ ಅದು ಕಸುಬಿನಿಂದ ಬಂದ ಮನೆತನದ ಹೆಸರು, ಮೀನು ಹಿಡಿಯುವವರದು. ನಮ್ಮಲ್ಲಿ ಬಡಿಗೇರ, ಪತ್ತಾರ ಇದ್ದ ಹಾಗೆ. ಹೀಗೆ ಬಂದ ಹೆಸರು ಸಾವಿರಾರು ಮನೆಗಳಲ್ಲಿ ಇರುತ್ತದೆ, ಅವಕ್ಕೆಲ್ಲ ರಕ್ತಸಂಬಂಧ ಇರಬೇಕಿಲ್ಲ. ರಸಾಯನಶಾಸ್ತ್ರದ ಒಳಗೇ ನೋಡಿ. ಎಸ್ಟರ್ ತಯಾರಿಕೆಯ ಫಿಷರ್ ವಿಧಾನ ಎಮಿಲ್ ಅವರದು. ಕಲ್ಲಿದ್ದಲಿನಿಂದ ಇಂಧನ ತೆಗೆಯುವ ಫಿಷರ್-ಟ್ರಾಪ್ಶ್ ವಿಧಾನದವರು ಫ್ರಾಂಜ್ ಫಿಷರ್. ಔಷಧ ಕಂಪನಿಗಳ ಲ್ಯಾಬಿನಲ್ಲಿ ನೀರಿನಂಶ ಅಳೆಯುವ ಪರೀಕ್ಷೆ ಕಾರ್ಲ್ ಫಿಷರ್ ಅವರದು. 1930ರ ನೊಬೆಲ್ ಹಾನ್ಸ್ ಫಿಷರ್ ಅವರಿಗೆ, 1973ರದ್ದರಲ್ಲಿ ಪಾಲು ಎರ್ನ್ಸ್ಟ್ ಒಟ್ಟೊ ಫಿಷರ್ ಅವರಿಗೆ. ಎಂ.ಎಸ್ಸಿ. ವಿದ್ಯಾರ್ಥಿಗಳೇ ಇವರನ್ನು ಕಲಸಿಬಿಡುವುದನ್ನು ನಾನು ನೋಡುತ್ತಲೇ ಬಂದಿದ್ದೇನೆ. ಹೈಸ್ಕೂಲು ಮಕ್ಕಳ ಮೇಲೆ ಬೇಸರ ಮಾಡಿಕೊಳ್ಳಬೇಡಿ.

ಆಬೆಲ್ ಜೋಡಿಯನ್ನು ಸೇರಿಸಬಹುದು, ಆದರೆ ಅದು ಸ್ವಲ್ಪ ಜಾರುವ ನೆಲ. ಕಾರ್ಲ್ ಫ್ರೀಡ್ರಿಕ್ ಆಬೆಲ್ 1723ರಲ್ಲಿ ಹುಟ್ಟಿ 1787ರಲ್ಲಿ ತೀರಿಕೊಂಡ ಜರ್ಮನ್ ಸಂಗೀತಗಾರರು. ವಿಯೋಲಾ ಡ ಗಾಂಬಾ ಎಂಬ ಕಮಾನು ವಾದ್ಯದ ದೊಡ್ಡ ವಾದಕರು. ಬಾಖ್ ಅವರ ಕಿರಿಯ ಮಗ ಯೋಹಾನ್ ಕ್ರಿಸ್ಟಿಯಾನ್ ಜೊತೆ ಸೇರಿ ಲಂಡನ್ನಿನಲ್ಲಿ ಟಿಕೆಟ್ ಇಟ್ಟು ಸಂಗೀತ ಕಚೇರಿಗಳನ್ನು ನಡೆಸಿದರು. ಬಾಲಕ ಮೊಜಾರ್ಟ್ ಲಂಡನ್ನಿಗೆ ಬಂದಿದ್ದಾಗ ಇವರ ಒಂದು ಸಿಂಫನಿಯನ್ನು, ಅಂದರೆ ವಾದ್ಯವೃಂದದ ಕೃತಿಯನ್ನು, ಕಲಿಯಲೆಂದು ನಕಲು ಮಾಡಿಕೊಂಡ. ಕೈಬರಹ ಮೊಜಾರ್ಟನದು ಎಂದು ಆ ಕೃತಿಯನ್ನು ಬಹಳ ಕಾಲ ಮೊಜಾರ್ಟನದೇ ಎಂದು ಎಣಿಸಿದರು. ಹಳೆಯ ಪಟ್ಟಿಗಳಲ್ಲಿ ಅದು ಈಗಲೂ ಅವನ ಮೂರನೇ ಸಿಂಫನಿ.

ಇನ್ನೊಬ್ಬರು ಫ್ರೆಡರಿಕ್ ಆಬೆಲ್, ಲಂಡನ್ನಿನಲ್ಲಿ ಹುಟ್ಟಿದ ರಸಾಯನಶಾಸ್ತ್ರಜ್ಞರು, 1827ರಿಂದ 1902. ಜೇಮ್ಸ್ ಡ್ಯೂವರ್ ಜೊತೆ ಕಾರ್ಡೈಟ್ ಎಂಬ ಹೊಗೆ ಕಡಿಮೆ ಇರುವ ಸಿಡಿಮದ್ದು ಮಾಡಿದವರು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಸೀಮೆಎಣ್ಣೆಯ ಫ್ಲಾಶ್ ಪಾಯಿಂಟ್ (ಆವಿ ಹೊತ್ತಿಕೊಳ್ಳುವ ಉಷ್ಣತೆ) ನೋಡಲು ಇಡುವ ಆಬೆಲ್ ಉಪಕರಣ ಇವರದೇ. ಇವರ ತಂದೆ ಯೋಹಾನ್ ಲಿಯೊಪೊಲ್ಡ್ ಆಬೆಲ್ ಸಂಗೀತದ ಮೇಷ್ಟ್ರು. ಇದೇ ಜಾರುವ ಜಾಗ. ಫ್ರೀಡ್ರಿಕ್ ಎಂದರೂ ಫ್ರೆಡರಿಕ್ ಎಂದರೂ ಒಂದೇ ಹೆಸರು, ಮನೆಯಲ್ಲಿ ಸಂಗೀತವೂ ಇತ್ತು. ಹಾಗಾದರೆ ಒಂದೇ ವಂಶ ಎಂದು ಬರೆದುಬಿಡೋಣ ಅನಿಸುತ್ತದೆ. ಬರೆಯಬೇಡಿ. ತಲೆಮಾರು ತಲೆಮಾರಾಗಿ ದಾಖಲೆ ಕೈಯಲ್ಲಿದ್ದರೆ ಮಾತ್ರ ವಂಶದ ಮಾತು. ಒಬ್ಬರು ಸತ್ತು 40 ವರ್ಷಕ್ಕೆ ಇನ್ನೊಬ್ಬರು ಹುಟ್ಟಿದ್ದು ಎಂದು ಬರೆದರೆ ಸಾಕು, ಅದು ಪಕ್ಕಾ.

ನಿಮ್ಮ ಹೆಡ್ಮಾಸ್ಟರ ಜೋಡಿಗೆ ಬರೋಣ. ಇದು ನನಗೆ ತುಂಬಾ ಇಷ್ಟವಾಯಿತು, ಆದರೆ ಇವರು ಒಬ್ಬರಲ್ಲ. ಶಾರ್ಙ್ಗದೇವ 13ನೇ ಶತಮಾನದವರು. ದೇವಗಿರಿಯ ಸೇವುಣ ರಾಜ ಸಿಂಘಣನ ಆಸ್ಥಾನದಲ್ಲಿ ಲೆಕ್ಕಪತ್ರದ ದೊಡ್ಡ ಅಧಿಕಾರಿ, 'ಸಂಗೀತ ರತ್ನಾಕರ' ಬರೆದವರು. ತಂದೆ ಸೋಢಲ, ತಾತ ಭಾಸ್ಕರ, ಮೂಲ ಕಾಶ್ಮೀರ. ಈ ಗ್ರಂಥಕ್ಕೆ 15ನೇ ಶತಮಾನದಲ್ಲಿ ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ ಕಲ್ಲಿನಾಥ ವ್ಯಾಖ್ಯಾನ ಬರೆದರು. ಹಾಗಾಗಿ ನಮ್ಮ ನಾಡಿಗೂ ಇದಕ್ಕೂ ನಿಜವಾದ ಸಂಬಂಧ ಇದೆ. ಶಾರ್ಙ್ಗಧರ ಎಂಬವರು 'ಶಾರ್ಙ್ಗಧರ ಸಂಹಿತೆ' ಎಂಬ ವೈದ್ಯಗ್ರಂಥದ ಕರ್ತೃ, ತಂದೆ ದಾಮೋದರ. ಲೋಹಗಳನ್ನು ಶುದ್ಧಿ ಮಾಡುವುದು, ಭಸ್ಮ ಮಾಡುವುದು, ಪಾದರಸವನ್ನು ಸಂಸ್ಕರಿಸುವುದು ಅದರಲ್ಲಿ ಬರುತ್ತದೆ. ರಸಾಯನಶಾಸ್ತ್ರಕ್ಕೆ ಸೇರಿಸಲು ಅಷ್ಟು ಸಾಕು.

ಗೊಂದಲ ಹುಟ್ಟಲು ಎರಡು ಕಾರಣ. ಮೊದಲನೆಯದು, ಶಾರ್ಙ್ಗದೇವರಿಗೆ ವೈದ್ಯವೂ ಗೊತ್ತಿತ್ತು. ನಾದ ಹುಟ್ಟುವುದು ದೇಹದಲ್ಲಿ ಎಂದು ಅವರು ತಮ್ಮ ಸಂಗೀತ ಗ್ರಂಥದ ಮೊದಲ ಅಧ್ಯಾಯದಲ್ಲೇ ಗರ್ಭದಲ್ಲಿ ಶರೀರ ಬೆಳೆಯುವುದನ್ನು, ಅಂಗಾಂಗಗಳನ್ನು ವಿವರವಾಗಿ ಬರೆದಿದ್ದಾರೆ. ಅದನ್ನು ಮಾತ್ರ ಓದಿದವರು ಇದು ವೈದ್ಯರ ಪುಸ್ತಕ ಅಂದುಕೊಂಡರೆ ತಪ್ಪಿಲ್ಲ. ಎರಡನೆಯದು, 1363ರಲ್ಲಿ 'ಶಾರ್ಙ್ಗಧರ ಪದ್ಧತಿ' ಎಂಬ ಸುಭಾಷಿತ ಸಂಗ್ರಹ ಮಾಡಿದ ಇನ್ನೊಬ್ಬ ಶಾರ್ಙ್ಗಧರ ಇದ್ದಾರೆ, ಅವರ ತಂದೆಯ ಹೆಸರೂ ದಾಮೋದರ. ಈ ಇಬ್ಬರು ಶಾರ್ಙ್ಗಧರರು ಒಬ್ಬರೇ ಹೌದೋ ಅಲ್ಲವೋ ಎಂದು ವಿದ್ವಾಂಸರು ವಾದ ಮಾಡುತ್ತಾರೆ. ಆದರೆ ಶಾರ್ಙ್ಗದೇವರ ವಿಷಯ ಆ ವಾದದೊಳಗೆ ಬರುವುದಿಲ್ಲ. ಹೆಸರು ಬೇರೆ, ತಂದೆ ಬೇರೆ. ಹೆಡ್ಮಾಸ್ಟರಿಗೆ ಇದನ್ನು ಹೇಳುವಾಗ ತಂದೆಯ ಹೆಸರಿನಿಂದಲೇ ಶುರು ಮಾಡಿ, ಅವರಿಗೆ ಬೇಗ ಒಪ್ಪಿಗೆಯಾಗುತ್ತದೆ.

ಈಗ ಚಾರ್ಟ್ ಹೇಗಿರಬೇಕು? ಬರೀ ಬೊರೊಡಿನ್ ಇಟ್ಟು ಉಳಿದದ್ದನ್ನು ಬಿಡುವುದು ಸುಲಭದ ದಾರಿ. ಅದರ ಅಪಾಯ ಏನೆಂದರೆ, ಒಂದೇ ಹೆಸರು ಎಂದರೆ ಒಬ್ಬರೇ ಎಂದು ಮಕ್ಕಳು ಕಲಿತುಬಿಡುತ್ತಾರೆ. ಬರೀ ಫಿಷರ್ ಇಟ್ಟರೆ ಅದರ ಉಲ್ಟಾ ಕಲಿಯುತ್ತಾರೆ. ಎಲ್ಲ ಜೋಡಿ ಹಾಕಿದರೆ ಚಾರ್ಟ್ ತುಂಬಿ ಯಾರೂ ಓದುವುದಿಲ್ಲ. ನಾನಾದರೆ ಬೊರೊಡಿನ್ ಮತ್ತು ಫಿಷರ್ ಇಬ್ಬರನ್ನೂ ಅಕ್ಕಪಕ್ಕ ಇಟ್ಟು, ಶಾರ್ಙ್ಗದೇವರಿಗೆ ಕೆಳಗೆ ಒಂದು ಪಟ್ಟಿ ಕೊಟ್ಟು, ಆಬೆಲ್ ಅವರನ್ನು ಮಕ್ಕಳು ಬಾಯಲ್ಲಿ ಹೇಳಲು ಬಿಡುತ್ತೇನೆ. ಪ್ರತಿ ಹೆಸರಿಗೂ ಪೂರ್ತಿ ಹೆಸರು, ಹುಟ್ಟಿದ ಮತ್ತು ತೀರಿದ ವರ್ಷ, ಕೆಲಸ ಮಾಡಿದ ಊರು ಇರಲೇಬೇಕು.

ಫೋಟೋ ವಿಷಯದಲ್ಲೇ ತಪ್ಪು ಜಾಸ್ತಿ ಆಗುವುದು. ಹೆಸರು ಟೈಪ್ ಮಾಡಿ ಮೊದಲು ಬಂದ ಚಿತ್ರ ಅಂಟಿಸಬೇಡಿ. ಆ ಚಿತ್ರ ಇರುವ ಪುಟ ತೆರೆದು, ಅಲ್ಲಿರುವ ವರ್ಷ ನಿಮ್ಮ ಚಾರ್ಟಿನ ವರ್ಷಕ್ಕೆ ಹೊಂದುತ್ತದಾ ನೋಡಿ. ಈಗ ನಿಮ್ಮ ಎರಡು ಬಾಕ್ಸಿನಲ್ಲಿ ಇರುವ ಬೊರೊಡಿನ್ ಫೋಟೋಗಳು ಬಹುಶಃ ಒಬ್ಬರದೇ, ಬೇರೆ ವಯಸ್ಸಿನವು. ಅವನ್ನು ಪಕ್ಕ ಪಕ್ಕ ಇಟ್ಟು ಮಕ್ಕಳಿಗೇ ಹೋಲಿಸಲು ಹೇಳಿ. ಶಾರ್ಙ್ಗದೇವರಿಗೆ ಚಿತ್ರ ಬೇಡ. ಆ ಕಾಲದ ಭಾವಚಿತ್ರ ಉಳಿದಿಲ್ಲ, ಸಿಗುವುದೆಲ್ಲ ಕಲ್ಪನೆಯದು.

ಚಾರ್ಟ್ ಪಕ್ಕ ಒಂದು ಸಣ್ಣ ಸ್ಪೀಕರ್ ಇಡಲು ಆದರೆ ಬೊರೊಡಿನ್ ಅವರ 'ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ' ಎಂಬ 1880ರ ಕೃತಿಯನ್ನು ಹಾಕಿ. ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಒಂದು ರಷ್ಯನ್ ರಾಗ, ಒಂದು ಪೂರ್ವದ ರಾಗ ಬೇರೆ ಬೇರೆಯಾಗಿ ಬಂದು ಕೊನೆಗೆ ಒಟ್ಟಿಗೆ ಸೇರುವುದನ್ನು ಸಂಗೀತ ಕಲಿಯದ ಮಕ್ಕಳೂ ಗುರುತಿಸುತ್ತಾರೆ. ಆದರೆ ಆಲ್ಡಾಲ್ ಕ್ರಿಯೆಯನ್ನು ಮಾಡಿ ತೋರಿಸಲು ಮಾತ್ರ ಹೋಗಬೇಡಿ. ಅದಕ್ಕೆ ಬೇಕಾದ ಅಸಿಟಾಲ್ಡಿಹೈಡ್ ಸುಮಾರು 20 ಡಿಗ್ರಿಗೇ ಕುದಿಯುತ್ತದೆ, ಬೇಗ ಬೆಂಕಿ ಹಿಡಿಯುತ್ತದೆ, ನಮ್ಮ ಫೆಬ್ರವರಿ ಮಧ್ಯಾಹ್ನದಲ್ಲಿ ಬಾಟಲಿ ತೆರೆಯುವುದೇ ಕಷ್ಟ. ಎರಡು ಅಣು ಸೇರಿ ಒಂದಾಗುವುದನ್ನು ಬಣ್ಣದ ಜೇಡಿಮಣ್ಣಿನ ಉಂಡೆ ಮತ್ತು ಕಡ್ಡಿಗಳಿಂದ ಮಕ್ಕಳೇ ಮಾಡಿ ತೋರಿಸಲಿ.